ಕೊನೆಯ ಸಾಲು ಬಿಟ್ಟ ಬೋರ್ಡು

ಅವರು ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ನಾನು ವರ್ಗವಾಗಿ ಹಗರಿಬೊಮ್ಮನಹಳ್ಳಿಗೆ ಬಂದು ಮೂರು ವರ್ಷವಾಗಿದೆ. ಹರಪನಹಳ್ಳಿಯಿಂದ ಕೆಲಸದ ಮೇಲೆ ಬಂದಿದ್ದ ಸಹೋದ್ಯೋಗಿಯೊಬ್ಬರು ಮಾತಿನ ನಡುವೆ, ‘ಪೇಂಟ್ರು ಹೋದ್ರಲ್ರಿ, ಗೊತ್ತಾತೇನು?’ ಎಂದರು. ಯಾವ ಪೇಂಟರ್ ಎಂದು ನಾನು ಕೇಳಲಿಲ್ಲ. ಆ ತಾಲ್ಲೂಕಿನಲ್ಲಿ ಬಣ್ಣ ಬಳಿಯುವವರು ಬಹಳ ಜನ. ಬರೀ ‘ಪೇಂಟ್ರು’ ಎಂದರೆ ಅವರೊಬ್ಬರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಎಲ್ಲಿಯೂ ಬರೆದವರಲ್ಲ. ಉಳಿದ ಪೇಂಟರುಗಳು ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರು, ಫೋನ್ ನಂಬರು ಸಣ್ಣಗೆ ಹಾಕಿಕೊಳ್ಳುತ್ತಾರೆ. ಇವರು ಹಾಕುತ್ತಿರಲಿಲ್ಲ. ‘ಮಾತು ನಂದಲ್ರಿ, ಅಕ್ಷರ ಅಷ್ಟ ನಂದು’ ಎನ್ನುತ್ತಿದ್ದರು. ನಾನು ಆಗ ಕೆಲಸ ಮಾಡುತ್ತಿದ್ದ ಗ್ರಾಮ ಪಂಚಾಯಿತಿಯ ಹೆಸರನ್ನೂ ಹೇಳುವುದಿಲ್ಲ. ಹರಪನಹಳ್ಳಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ವಾರಕ್ಕೊಮ್ಮೆ ಕುರಿ ಸಂತೆ ಸೇರುವ ಊರು ಎಂದಷ್ಟು ಸಾಕು. ಅಲ್ಲಿ ನಾನು ಗುಮಾಸ್ತೆಯಾಗಿದ್ದೆ.

ಪೇಂಟರು ಉದ್ದನೆಯ, ತೆಳ್ಳಗಿನ ಆಳು. ಅಂಗಿಯ ಎಡತೋಳಿನಲ್ಲಿ ಮಾತ್ರ ಬಣ್ಣ ಇರುತ್ತಿತ್ತು, ಏಕೆಂದರೆ ಬ್ರಷ್ ಒರೆಸುವುದು ಅಲ್ಲಿಗೇ. ಉಳಿದ ಬಟ್ಟೆ ಇಸ್ತ್ರಿ ಮಾಡಿದ್ದು. ಹಳೆಯ ಮೊಪೆಡ್ಡಿನ ಎರಡೂ ಬದಿಗೆ ಡಬ್ಬಿಗಳನ್ನು ತೂಗುಹಾಕಿಕೊಂಡು ತೆಲಿಗಿ, ಚಿಗಟೇರಿ, ನೀಲಗುಂದ ಎಂದು ಸುತ್ತುತ್ತಿದ್ದರು. ಶಾಲೆಯ ಗೋಡೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಟ್ರ್ಯಾಕ್ಟರಿನ ಟ್ರಾಲಿ, ಯಾವುದಾದರೂ ಸರಿ. ಮೊದಲು ಸುಣ್ಣದ ಪುಡಿ ಹಚ್ಚಿದ ದಾರ ಹಿಡಿದು ಗೆರೆ ಹೊಡೆಯುವರು. ಆಮೇಲೆ ದೂರ ನಿಂತು ಬೆರಳುಗಳಲ್ಲಿ ಅಕ್ಷರ ಎಣಿಸುವರು. ಎಣಿಸುವಾಗ ಯಾರು ಮಾತನಾಡಿಸಿದರೂ ಉತ್ತರವಿಲ್ಲ.

ಓದಿದ್ದು ಏಳನೆಯ ತರಗತಿ. ಆದರೆ ಕಚೇರಿಯವರು ತಪ್ಪು ಬರೆದು ಕೊಟ್ಟರೆ ಸುಮ್ಮನೆ ಬರೆಯುವವರಲ್ಲ. ಒಮ್ಮೆ ನಾನೇ ಅವಸರದಲ್ಲಿ ‘ಮಧ್ಯಪಾನ ನಿಷೇಧಿಸಿದೆ’ ಎಂದು ಬರೆದುಕೊಟ್ಟಿದ್ದೆ. ಚೀಟಿಯನ್ನು ತಿರುಗಿಸಿ ಹಿಡಿದು, ‘ಮೇಡಮ್ಮೋರ, ಮಧ್ಯದಾಗ ಅಷ್ಟ ಕುಡೀಬಾರದೇನ್ರಿ? ಮೊದ್ಲಿಗೂ ಕೊನಿಗೂ ಕುಡಿದ್ರ ನಡಿತೈತಿ?’ ಎಂದು ಕೇಳಿದರು. ಕಚೇರಿಯವರೆಲ್ಲ ನಕ್ಕರು. ಅವರು ನಗಲಿಲ್ಲ. ಅಲ್ಪಪ್ರಾಣ ಮಾಡಿ ಬರೆದು ಹೋದರು.

ನಮ್ಮ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಆಮೇಲೆ ವಿಜಯನಗರಕ್ಕೆ ಸೇರಿತು. ಮೂರು ಸಲವೂ ಊರೂರಿನ ಬೋರ್ಡುಗಳ ಮೇಲೆ ಜಿಲ್ಲೆಯ ಹೆಸರನ್ನು ಅಳಿಸಿ ಬರೆದವರಲ್ಲಿ ಅವರೂ ಒಬ್ಬರು. ‘ಊರು ಇದ್ದಲ್ಲೇ ಐತಿ, ಜಿಲ್ಲಾ ಅಷ್ಟ ತಿರುಗಾಡತೈತಿ. ನಮ್ಮ ಹೊಟ್ಟಿಗೆ ಛಲೋನ ಆತು ಬಿಡ್ರಿ’ ಎನ್ನುತ್ತಿದ್ದರು.

ಅವರಿಗೆ ಇನ್ನೊಂದು ರೂಢಿ ಇತ್ತು. ಬೋರ್ಡು ಬರೆದು ಮುಗಿದ ಮೇಲೆ ಹತ್ತಿರ ನಿಂತವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವರು. ಓದು ಬಾರದವರು ಯಾರಾದರೂ ಇದ್ದರೆ ಅವರನ್ನೇ ಹತ್ತಿರ ಕರೆಯುವರು. ಕಾರಣ ಕೇಳಿದ್ದಕ್ಕೆ, ‘ಓದಕ ಬರದವ್ರಿಗೆ ಓದಿ ಹೇಳದಿದ್ರ ಬೋರ್ಡು ಅರ್ಧ ಬರದಂಗ’ ಎಂದಿದ್ದರು. ಅವರ ತಾಯಿಗೆ ಓದು ಬರುತ್ತಿರಲಿಲ್ಲ ಎಂದು ಬಹಳ ದಿನಗಳ ಮೇಲೆ ಗೊತ್ತಾಯಿತು.

ಅವರದು ತಂದೆಯ ಕಾಲದಲ್ಲಿಯೇ ಬೌದ್ಧರಾದ ಮನೆತನ. ನಡುಮನೆಯಲ್ಲಿ ಬುದ್ಧನ ಪಟ ಇತ್ತು. ಹೆಂಡತಿ ವರ್ಷಕ್ಕೊಮ್ಮೆ ಊರಮ್ಮನಿಗೂ ಕಾಯಿ ಒಡೆಸಿಕೊಂಡು ಬರುತ್ತಿದ್ದರು. ಅದಕ್ಕೆ ಇವರ ತಕರಾರಿರಲಿಲ್ಲ. ಒಬ್ಬಳೇ ಮಗಳು ಹಡಗಲಿಯ ಕಡೆ ನರ್ಸ್ ಆಗಿದ್ದಾಳೆ.

ಸಂವಿಧಾನದ ಪೀಠಿಕೆಯನ್ನು ಎಷ್ಟು ಗೋಡೆಗೆ ಬರೆದಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ನೋಡದೆಯೇ ಬರೆಯುತ್ತಿದ್ದರು. ಒಂದು ಕಾಲೇಜಿನವರು ಮಾತ್ರ ಪೀಠಿಕೆ ಸಾಲದೆಂದು ಕಾಂಪೌಂಡಿನ ಉದ್ದಕ್ಕೂ ಹಲವು ವಿಧಿಗಳನ್ನು ಬರೆಸಿದ್ದರು. ಅದರಲ್ಲಿ ತೆರಿಗೆಯದೂ ಒಂದಿತ್ತು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆಯನ್ನು ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಅದರ ಅರ್ಥ. ಗೋಡೆಯಲ್ಲಿ ಜಾಗ ಸಾಲದೆ ಅವರು ಅಲ್ಲಿನ ಮೇಷ್ಟ್ರನ್ನು ಕೇಳಿದರಂತೆ: ‘ಸರ, ವಿಧಿಸೋದು, ವಸೂಲು ಮಾಡೋದು ಎರಡೂ ಒಂದೇ ಅಲ್ರಿ? ಒಂದು ಬಿಡಲೇನು?’ ಮೇಷ್ಟ್ರು ಬಿಡಬೇಡಿ ಎಂದರಂತೆ. ಹಾಕುವವನು ಒಬ್ಬ, ವಸೂಲು ಮಾಡುವವನು ಇನ್ನೊಬ್ಬ. ಇಬ್ಬರ ಕೈಯಲ್ಲೂ ಕಾನೂನು ಇರಬೇಕು, ಅದಕ್ಕೇ ಎರಡು ಮಾತು ಎಂದು ಬಿಡಿಸಿ ಹೇಳಿದರಂತೆ. ‘ಅಕ್ಷರ ಸಣ್ಣವು ಮಾಡಿ ಎರಡೂ ಬರದೆ ನೋಡ್ರಿ’ ಎಂದು ಪೇಂಟರು ಇದನ್ನು ನನಗೆ ಹೇಳಿದ್ದರು. ಕೆಲಸದ ಕಷ್ಟವನ್ನು ಹೇಳುತ್ತಿದ್ದಾರೆ ಎಂದುಕೊಂಡು ನಾನು ಹೂಂಗುಟ್ಟಿದ್ದೆ.

ಜಿಲ್ಲೆ ಹೊಸದಾದ ಮರುವರ್ಷ ನಮ್ಮ ಪಂಚಾಯಿತಿಗೆ ಹೊಸ ಅಭಿವೃದ್ಧಿ ಅಧಿಕಾರಿ ಬಂದರು. ಹಾಸನದ ಕಡೆಯವರು. ಲಂಚ ಮುಟ್ಟದವರು, ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಬರುವವರು. ಕುರಿ ಸಂತೆಯಲ್ಲಿ ನೆರಳಿಲ್ಲ, ನೀರಿಲ್ಲ ಎಂಬುದು ಅವರ ಕಣ್ಣಿಗೆ ಮೊದಲ ವಾರದಲ್ಲಿಯೇ ಬಿತ್ತು. ತೊಟ್ಟಿ ಕಟ್ಟಿಸಬೇಕು, ತಗಡಿನ ಚಪ್ಪರ ಹಾಕಿಸಬೇಕು ಎಂದರು. ಅದಕ್ಕೆ ಸಂತೆ ಸುಂಕ ಹೆಚ್ಚಿಸಬೇಕಿತ್ತು. ಒಂದು ಕುರಿಗೆ ಐದು ರೂಪಾಯಿ ಇದ್ದದ್ದನ್ನು ಹದಿನೈದು ಮಾಡುವುದೆಂದು ತೀರ್ಮಾನಿಸಿದರು. ಅವರೇ ತೀರ್ಮಾನಿಸಿದರು.

ಸುಂಕದ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಶಾಸನಸಭೆ ಕಾಯ್ದೆ ಮಾಡಿ, ಇಂಥ ಬಾಬತ್ತಿಗೆ ಇಷ್ಟರವರೆಗೆ ಎಂದು ಗೆರೆ ಎಳೆದು ಆ ಅಧಿಕಾರವನ್ನು ಪಂಚಾಯಿತಿಗೆ ಕೊಟ್ಟಿದೆ. ಆ ಗೆರೆಯೊಳಗೆ ಜನ ಆರಿಸಿದ ಸದಸ್ಯರು ಸಭೆ ಸೇರಬೇಕು, ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು, ಆಮೇಲೆ ಠರಾವು ಮಾಡಬೇಕು. ಅಧಿಕಾರಿಯದು ಠರಾವನ್ನು ನಡೆಸುವ ಕೆಲಸ. ಆದರೆ ಆಗ ನಮ್ಮ ಸದಸ್ಯರು ಅಧ್ಯಕ್ಷರನ್ನು ಇಳಿಸುವ ಜಗಳದಲ್ಲಿದ್ದರು. ಐದು ತಿಂಗಳಿಂದ ಒಂದು ಸಭೆಗೂ ಕೋರಂ ಆಗಿರಲಿಲ್ಲ. ನಾನು ಅಧಿಕಾರಿಗೆ ನೆನಪು ಮಾಡಿದೆ.

‘ಇವರ ಜಗಳ ಮುಗಿಯೋ ಹೊತ್ತಿಗೆ ಬೇಸಿಗೆ ಬರುತ್ತೆ’ ಎಂದರು. ‘ನಾನೇನು ಜೇಬಿಗೆ ಹಾಕ್ಕೋತಿದೀನಾ? ಕುರಿಗೆ ನೀರು ಬೇಡ್ವಾ? ಬೋರ್ಡು ಬರೆಸಿ. ಠರಾವು ಆಮೇಲೆ ಮಾಡಿಸ್ಕೊಂಡ್ರಾಯ್ತು.’

ನಾನು ಚೀಟಿ ಬರೆದು ಪೇಂಟರನ್ನು ಕರೆಸಿದೆ. ಅವರು ನಿಂತೇ ಓದಿದರು. ಸಂತೆಯ ಹಳೆಯ ಬೋರ್ಡನ್ನೂ ಅವರೇ ಬರೆದದ್ದು. ಅದರ ಕೊನೆಯ ಸಾಲಿನಲ್ಲಿ ಠರಾವಿನ ಸಂಖ್ಯೆ, ದಿನಾಂಕ ಇದ್ದವು.

‘ಮೇಡಮ್ಮೋರ, ಕೊನೀ ಸಾಲು ಕೊಟ್ಟಿಲ್ಲ.’

‘ಅದು ಇನ್ನೂ ಆಗಿಲ್ರಿ. ಸದ್ಯ ಬಿಡ್ರಿ.’

‘ಹಂಗಂತ ಚೀಟಿ ಮ್ಯಾಲ ಬರದು ಕೊಡ್ರಿ. ನಾಳಿ ಪೇಂಟ್ರು ಮರತ ಅಂತಾರ.’

ನಾನು ‘ಠರಾವಿನ ಸಾಲನ್ನು ಸದ್ಯಕ್ಕೆ ಬಿಡುವುದು’ ಎಂದು ಬರೆದು ಸಣ್ಣ ಸಹಿ ಹಾಕಿದೆ. ಅವರು ಮತ್ತೆ ಓದಿದರು.

‘ಬಿಡೋದು ಅಂದ್ರ ಎರಡು ಅರ್ಥ ಅದಾವ್ರಿ. ಬರೀದಂಗ ಬಿಡಬೇಕೋ, ಜಾಗ ಬಿಡಬೇಕೋ?’

ಅಂದು ಬೇರೆ ಕೆಲಸವಿತ್ತು. ‘ಹೆಂಗರ ಮಾಡ್ರಿ’ ಎಂದೆ.

ಅವರು ಜಾಗ ಬಿಟ್ಟರು. ಸಂತೆಯ ಬೆಳಿಗ್ಗೆ ಬಾಗಿಲ ಪಕ್ಕ ಬೋರ್ಡು ನಿಲ್ಲಿಸಿದಾಗ ನಾನೂ ಅಲ್ಲಿದ್ದೆ. ದರದ ಸಾಲುಗಳು ದಪ್ಪಗೆ, ದುಂಡಗೆ ಎದ್ದು ಕಾಣುತ್ತಿದ್ದವು. ಅವುಗಳ ಕೆಳಗೆ ಎರಡು ಗೆರೆ ಎಳೆದು, ನಡುವೆ ಒಂದು ಸಾಲಿನಷ್ಟು ಹಳದಿ ತಗಡು ಖಾಲಿ. ಕುರಿ ಹೊಡೆದುಕೊಂಡು ಬಂದವರು ಸುತ್ತ ನಿಂತರು. ಪೇಂಟರು ತಮ್ಮ ರೂಢಿಯಂತೆ ಓದತೊಡಗಿದರು. ಕುರಿ, ಆಡು, ತಲೆಗೆ ಹದಿನೈದು. ಟಗರು ಇಪ್ಪತ್ತು. ಮರಿ ಎಂಟು. ಆಮೇಲೆ ಅದೇ ದನಿಯಲ್ಲಿ, ‘ಕೊನೀ ಸಾಲು ಖಾಲಿ ಐತಿ’ ಎಂದರು.

ಚಿಗಟೇರಿಯ ಕಡೆಯಿಂದ ಟಗರು ತರುತ್ತಿದ್ದ ದುರುಗಮ್ಮ ಎಂಬ ಹೆಂಗಸು ಮುಂದೆ ನಿಂತಿದ್ದಳು. ಗಂಡನಿಲ್ಲದ ಮೇಲೆ ಕುರಿ ಹಟ್ಟಿಯನ್ನು ಅವಳೇ ನಡೆಸುತ್ತಿದ್ದಳು.

‘ಅಲ್ಲೇನು ಬರೀಬೇಕಿತ್ತಪಾ?’

‘ಯಾರು ಕೂಡಿ ಇದನ್ನ ಹಾಕಿದ್ರು, ಯಾವತ್ತು ಹಾಕಿದ್ರು ಅಂತ ಬರೀಬೇಕವ್ವಾ.’

‘ಯಾರು ಹಾಕ್ಯಾರ?’

‘ನನಗ ಕೊಟ್ಟಿಲ್ಲ.’

‘ಹಂಗಾರ ಅದು ಬರೋತನಕ ನಾನು ಹಳೇದ ಕೊಡ್ತೀನಿ’ ಎಂದಳು ಅವಳು.

ಪೇಂಟರು ಅವಳಿಗೆ ಕೊಡು ಎನ್ನಲಿಲ್ಲ, ಕೊಡಬೇಡ ಎನ್ನಲಿಲ್ಲ. ಡಬ್ಬಿಗಳ ಮುಚ್ಚಳ ಹಾಕಿಕೊಂಡು ಹೋದರು. ನಮ್ಮ ಬಿಲ್ ಕಲೆಕ್ಟರ್ ಅವಳ ಎರಡು ಟಗರುಗಳನ್ನು ಸಂಜೆಯವರೆಗೆ ಬಾಗಿಲಲ್ಲಿ ಕಟ್ಟಿಹಾಕಿದ. ಅವಳೂ ಬಿಸಿಲಿನಲ್ಲಿ ಅವುಗಳ ಪಕ್ಕದಲ್ಲಿಯೇ ಕುಳಿತಳು. ಅಂದು ಸಂತೆಯಲ್ಲಿ ಅರ್ಧ ಜನ ಹೊಸ ಸುಂಕ ಕೊಟ್ಟರು. ಉಳಿದವರು ಕುರಿ ತಿರುಗಿಸಿಕೊಂಡು ಕೊಟ್ಟೂರಿನ ದಾರಿ ಹಿಡಿದರು.

ಹದಿನೈದು ದಿನದಲ್ಲಿ ದುರುಗಮ್ಮನ ಪರವಾಗಿ ವಕೀಲರೊಬ್ಬರು ಮೇಲಧಿಕಾರಿಗಳಿಗೆ ಅರ್ಜಿ ಹಾಕಿದರು. ಅದರ ಪ್ರತಿ ನಮಗೂ ಬಂತು. ಯಾವ ಠರಾವಿನ ಮೇಲೆ ಈ ಸುಂಕ ಎಂಬುದೊಂದೇ ಪ್ರಶ್ನೆ. ಅಧಿಕಾರಿ ಮೊದಲ ಸಲ ಹೆದರಿದ್ದನ್ನು ಅಂದು ನೋಡಿದೆ. ಉತ್ತರವನ್ನು ಅವರು ಹೇಳಿದರು, ನಾನು ಬರೆದೆ: ಸುಂಕಕ್ಕೆ ಪಂಚಾಯಿತಿಯ ಒಪ್ಪಿಗೆ ಇದೆ. ಠರಾವಿನ ಸಂಖ್ಯೆಯನ್ನು ಕೊಡಲಾಗಿತ್ತು. ಬೋರ್ಡಿನಲ್ಲಿ ಅದು ಬಾರದಿರುವುದು ಪೇಂಟರನ ಅಜಾಗರೂಕತೆ. ಕೆಳಗೆ ‘ಪರಿಶೀಲಿಸಿದೆ’ ಎಂದು ನನ್ನ ಸಹಿ. ಹೇಳಿದ್ದನ್ನು ಬರೆದೆ ಎಂದು ಅಂದುಕೊಂಡೆ. ಅಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಇಂಥ ಮಾತು ಬೇಗ ಹರಡುತ್ತದೆ. ಸರ್ಕಾರಿ ಕೆಲಸ ಕೆಡಿಸುವವನು ಎಂಬ ಹೆಸರು ಅವರಿಗೆ ಅಂಟಿತು. ಸುತ್ತಿನ ಕಚೇರಿಗಳಿಂದ ಬರುತ್ತಿದ್ದ ಕೆಲಸ ನಿಂತಿತು. ಅಷ್ಟರಲ್ಲಿ ಫ್ಲೆಕ್ಸ್ ಬಂದಾಗಿತ್ತು. ಅವರಿಗೆ ಉಳಿದಿದ್ದದ್ದೇ ಕಚೇರಿ, ಶಾಲೆಗಳ ಕೆಲಸ.

ಒಂದು ಭಾನುವಾರ ಮಧ್ಯಾಹ್ನ ಅವರು ಹರಪನಹಳ್ಳಿಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಬಂದರು. ಒಳಗೆ ಕರೆದರೆ ಬರಲಿಲ್ಲ. ಅಂಗಳದಲ್ಲಿ ನಿಂತು ಅಂಗಿಯ ಜೇಬಿನಿಂದ ಚೀಟಿ ತೆಗೆದರು. ಯಾವ ಕೆಲಸದ ಚೀಟಿಯನ್ನೂ ಅವರು ಎಸೆಯುತ್ತಿರಲಿಲ್ಲ, ತಂತಿಗೆ ಚುಚ್ಚಿ ಇಡುತ್ತಿದ್ದರು. ಮೂಲೆಯಲ್ಲಿ ತೂತು ಇತ್ತು.

‘ನಾನು ಮರತೀನಿ ಅಂತ ಬರದೀರಂತ.’

ಚೀಟಿಯನ್ನು ಬಿಡಿಸಿ ನನ್ನ ಕಡೆಗೆ ಹಿಡಿದರು.

‘ಇದು ನಿಮ್ಮ ಕೈಬರಹ ಅಲ್ರಿ ತಂಗೀ?’ ಅದುವರೆಗೆ ಅವರು ನನ್ನನ್ನು ಮೇಡಮ್ಮೋರು ಎಂದೇ ಕರೆಯುತ್ತಿದ್ದರು.

‘ಹೌದ್ರಿ.’

‘ಹಂಗಾರ ನಿಮ್ಮ ಹತ್ರ ಇರ್ಲಿ.’

ಚೀಟಿಯನ್ನು ನನ್ನ ಕೈಗೆ ಕೊಟ್ಟರು. ‘ಜೆರಾಕ್ಸ್ ಮಾಡ್ಸೀರೇನ್ರಿ?’ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಇಲ್ಲ ಎಂದು ತಲೆಯಾಡಿಸಿ, ಮೊಪೆಡ್ಡನ್ನು ತಳ್ಳಿಕೊಂಡು ರಸ್ತೆಯವರೆಗೆ ಹೋಗಿ ಚಾಲೂ ಮಾಡಿದರು.

ಆ ಚೀಟಿ ಎಂಟು ದಿನ ನನ್ನ ಬಳಿ ಇತ್ತು. ಒಂದು ಬೆಳಿಗ್ಗೆ ಅದನ್ನು ಹಿಡಿದು ಒಲೆಯ ಮುಂದೆ ನಿಂತಿದ್ದೂ ಉಂಟು. ಗಂಡನಿಗೆ ಆಗ ಖಾಯಂ ಕೆಲಸ ಇರಲಿಲ್ಲ. ನನ್ನ ನೌಕರಿಯೇ ಮನೆಗೆ ಆಧಾರ. ಕೊನೆಗೆ ನನ್ನ ಕೈ ತಡೆದದ್ದು ಒಂದೇ ವಿಚಾರ: ಆ ಮನುಷ್ಯ ನನ್ನನ್ನು ನಂಬಿ ಕೊಟ್ಟು ಹೋಗಿದ್ದಾರೆ. ಆ ನಂಬಿಕೆಗೆ ಎರಡು ಬಗೆಯುವುದು ನನ್ನಿಂದ ಆಗಲಿಲ್ಲ.

ವಿಚಾರಣೆಯ ದಿನ ಮೇಲಧಿಕಾರಿ ಸಭೆಯ ನಡವಳಿ ಪುಸ್ತಕ ಕೇಳಿದರು. ಅದು ಅಧ್ಯಕ್ಷರ ಮನೆಯಲ್ಲಿದೆ ಎಂದು ನಮ್ಮವರು ಹೇಳಿದರು. ನಾನು ಎದ್ದು ಚೀಟಿಯನ್ನು ಮೇಜಿನ ಮೇಲಿಟ್ಟೆ. ಮೇಲಧಿಕಾರಿ ಅದನ್ನು ಓದಿದರು. ನಮ್ಮ ಉತ್ತರವನ್ನು ತೆಗೆದು ಅದರ ಪಕ್ಕದಲ್ಲಿಟ್ಟು ಮತ್ತೆ ಓದಿದರು.

‘ಎರಡೂ ನೀವೇ ಬರೆದದ್ದಾ?’

‘ಹೌದು ಸರ್.’

‘ಯಾವುದು ನಿಜ?’

‘ಚೀಟಿ.’

ಪೇಂಟರು ಹಿಂದಿನ ಬೆಂಚಿನಲ್ಲಿದ್ದರು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ನಮ್ಮ ಅಧಿಕಾರಿ ತೊಟ್ಟಿಯ ವಿಷಯ, ಚಪ್ಪರದ ವಿಷಯ ಹೇಳಿದರು. ನಕ್ಷೆ ಕೂಡ ತಂದಿದ್ದರು. ಮೇಲಧಿಕಾರಿ ನಕ್ಷೆಯನ್ನು ಪೂರ್ತಿ ನೋಡಿದರು. ‘ಒಳ್ಳೆ ಕೆಲಸವೇ’ ಎಂದರು. ‘ಆದರೆ ಶಾಸನಸಭೆ ಈ ಅಧಿಕಾರ ಕೊಟ್ಟದ್ದು ಪಂಚಾಯಿತಿಗೆ. ಪಂಚಾಯಿತಿಯೇ ಅದನ್ನ ನಿಮ್ಮ ಕೈಗೆ ಕೊಡ್ತೀನಿ ಅಂದ್ರೂ ಬರೋದಿಲ್ಲ. ಇಲ್ಲಿ ಕೊಟ್ಟೂ ಇಲ್ಲ.’ ಹೊಸ ಸುಂಕ ರದ್ದಾಯಿತು. ಹೆಚ್ಚಿಗೆ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕೆಂದು ಆದೇಶವಾಯಿತು. ಅಧಿಕಾರಿಗೆ ವರ್ಗವಾಯಿತು. ಸುಳ್ಳು ಉತ್ತರಕ್ಕೆ ಸಹಿ ಮಾಡಿದ್ದಕ್ಕೆ ನನ್ನ ಎರಡು ಇನ್‌ಕ್ರಿಮೆಂಟ್ ತಡೆಹಿಡಿದರು. ಅದು ಸರಿಯಾಗಿಯೇ ಇತ್ತು.

ಹೊರಡುವ ದಿನ ಅಧಿಕಾರಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ‘ತೊಟ್ಟಿ ಕಟ್ಟಬೇಕು ಅಂದಿದ್ದು ಸುಳ್ಳಲ್ಲ’ ಎಂದರು. ‘ಗೊತ್ತೈತ್ರಿ ಸರ್’ ಎಂದೆ.

ಆರು ತಿಂಗಳಿಗೆ ಹೊಸ ಅಧ್ಯಕ್ಷರು ಬಂದು ಸಭೆ ಸೇರಿತು. ಸುಂಕ ಹೆಚ್ಚಿಸುವ ಪ್ರಕಟಣೆಯನ್ನು ಡಂಗುರ ಸಾರಿಸಿದರು. ಆಕ್ಷೇಪಣೆ ಹೇಳಲು ದುರುಗಮ್ಮ ಹತ್ತು ಜನರನ್ನು ಕಟ್ಟಿಕೊಂಡು ಬಂದು ಅರ್ಧ ತಾಸು ಮಾತಾಡಿದಳು. ಮೊದಲು ತೊಟ್ಟಿ, ಆಮೇಲೆ ಸುಂಕ ಎಂಬುದು ಅವಳ ವಾದ. ಸದಸ್ಯರು ಒಪ್ಪಲಿಲ್ಲ, ಆದರೆ ಹದಿನೈದನ್ನು ಹನ್ನೆರಡಕ್ಕೆ ಇಳಿಸಿದರು. ಮುಂದಿನ ಸಂತೆಯಲ್ಲಿ ಅವಳು ಹನ್ನೆರಡು ಕೊಟ್ಟು ರಸೀದಿ ಇಸಿದುಕೊಂಡಳು. ‘ಸೋತ್ಯಲ್ಲಬೇ’ ಎಂದು ಬಿಲ್ ಕಲೆಕ್ಟರ್ ಚುಡಾಯಿಸಿದ. ‘ಸೋತ್ರ ಸೋತೆ. ಕೇಳಿ ಹಾಕ್ಯಾರ, ಕೊಡ್ತೀನಿ’ ಎಂದಳು. ತೊಟ್ಟಿ ಮರುವರ್ಷ ಆಯಿತು. ಚಪ್ಪರ ಇನ್ನೂ ಆಗಿಲ್ಲ.

ಹೊಸ ದರದ ಬೋರ್ಡನ್ನು ಪೇಂಟರಿಂದ ಬರೆಸಲಿಲ್ಲ. ದಾವಣಗೆರೆಯಿಂದ ಫ್ಲೆಕ್ಸ್ ತರಿಸಿದರು. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಆದರೆ ಮತ್ತೆ ಕರೆಯುವುದಕ್ಕೆ ಯಾರೂ ಮುಂದಾಗಲಿಲ್ಲ, ನಾನೂ ಆಗಲಿಲ್ಲ. ಕಚೇರಿಗಳು ಹೀಗೆಯೇ. ತಪ್ಪು ಮಾಡಿದವರನ್ನು ಸಹಿಸಿಕೊಳ್ಳುತ್ತವೆ, ತಪ್ಪನ್ನು ಕಂಡವರನ್ನು ದೂರವಿಡುತ್ತವೆ. ಅವರು ಟ್ರಾಲಿಗಳಿಗೆ ಹೆಸರು ಬರೆದುಕೊಂಡು, ಹೊಸ ಮನೆಗಳ ಬಾಗಿಲಿಗೆ ಬಳ್ಳಿ ಬಿಡಿಸಿಕೊಂಡು ಕಾಲ ಕಳೆದರು. ನಾನು ವರ್ಗವಾಗುವ ಮೊದಲು ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಿದ್ದರು. ಬಲಗೈ ನಡುಗುತ್ತಿತ್ತು. ‘ಗೆರಿ ನೆಟ್ಟಗ ಬರವಲ್ದ್ರಿ’ ಎಂದರು. ನಮ್ಮ ನಡುವೆ ಚೀಟಿಯ ಮಾತು ಅಂದೂ ಬರಲಿಲ್ಲ, ವಿಚಾರಣೆಯಾದ ಮೇಲೆ ಎಂದೂ ಬಂದಿರಲಿಲ್ಲ. ಅವರು ನನ್ನನ್ನು ನಂಬಿದ್ದರು, ನಾನು ಉಳಿಸಿಕೊಂಡೆ ಎಂಬ ಸಮಾಧಾನ ನನ್ನಲ್ಲಿತ್ತು. ಇಷ್ಟು ವರ್ಷ ಅದನ್ನು ಜೋಪಾನವಾಗಿಯೇ ಇಟ್ಟುಕೊಂಡಿದ್ದೆ.

ಸುದ್ದಿ ತಿಳಿದ ವಾರದ ರಜೆಯಲ್ಲಿ ಹರಪನಹಳ್ಳಿಯಲ್ಲಿದ್ದ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅದುವರೆಗೆ ಮಾತಾಡಿಸಿದವಳಲ್ಲ. ಯಾರೆಂದು ಹೇಳಿಕೊಂಡೆ. ಅವರು ನನ್ನ ಮುಖ ನೋಡಿ, ‘ಪಂಚಾಯ್ತಿ ಮೇಡಮ್ಮು. ಕುಂದರ್ರಿ’ ಎಂದರು. ಮಗಳು ಚಹಾ ತಂದಳು. ಮಾತು ಚೀಟಿಯ ಕಡೆಗೆ ತಿರುಗಿತು. ತಿರುಗಿಸಿದ್ದು ನಾನೇ.

‘ನನ್ನ ಮ್ಯಾಲ ಅಷ್ಟು ನಂಬಿಕಿ ಇಟ್ಟಿದ್ರಲ್ರಿ’ ಎಂದೆ.

‘ಇಲ್ರಿ’ ಎಂದರು ಆಕೆ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ‘ನಂಬಿದ್ದಿಲ್ಲ. ನಿಮ್ಮ ಮನಿಗೆ ಹೋಗಿ ಬಂದ್ರಲ್ಲ, ಅವತ್ತು ನಾನು ಬಾಯಿಗೆ ಬಂದಂಗ ಬೈದೆ. ಸುಳ್ಳು ಬರದಾಕಿ ಕೈಯಾಗ ಇದ್ದದ್ದೊಂದು ಕಾಗದ ಕೊಟ್ಟು ಬಂದ್ಯಲ್ಲ ಅಂತ. ಉಣ್ಲಿಲ್ಲ. ಎಂಟು ದಿನಾನೂ ಸರಿಯಾಗಿ ಉಣ್ಲಿಲ್ಲ. ಹರದು ಹಾಕ್ತಾಳ ಅಂತಾನ ಅನಕಂತಿದ್ರು.’

ನಾನು ಕಪ್ಪನ್ನು ಕೆಳಗಿಟ್ಟೆ. ‘ಹಂಗಾರ ಯಾಕ್ರಿ ಕೊಟ್ರು?’

‘ನಾನೂ ಅದನ್ನ ಕೇಳಿದೆ. ಸೀದಾ ವಕೀಲ್ರ ಕೈಗೆ ಕೊಡಬಾರದಿತ್ತಾ ಅಂದೆ. ಆಕೀನ್ನ ಕೇಳದ ಆಕಿ ನೌಕರಿ ಕಸಗಂಡಂಗ ಆಗತೈತಿ ಅಂದ್ರು. ಮೊದ್ಲು ಆಕೀನ್ನ ಕೇಳಬೇಕು, ಆಮ್ಯಾಲ ಆಕಿ ಏನು ಮಾಡ್ತಾಳೋ ಆಕಿಗೆ ಬಿಟ್ಟಿದ್ದು ಅಂದ್ರು.’

ಆಕೆ ಎದ್ದು ನನ್ನ ಕಪ್ಪನ್ನು ನೋಡಿ, ‘ಚಹಾ ಆರಿ ಹೋತು, ಬ್ಯಾರೇದು ಮಾಡ್ತೀನಿ’ ಎಂದು ಒಳಗೆ ಹೋದರು.